ಟರ್ಮಿನಲ್‌ನಲ್ಲೇ ಫೋಟೋ ಕೆಲಸ: ಅರ್ಜಿಯ ಸಹಿಯಿಂದ ಕನ್ನಡ ಅಡಿಬರಹದವರೆಗೆ

ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವವರಿಗೆ ಈ ಪೇಚಾಟ ಗೊತ್ತು. ಫೋಟೋ 20ರಿಂದ 50 ಕೆಬಿ ಒಳಗಿರಬೇಕು, ಸಹಿ 10ರಿಂದ 20 ಕೆಬಿ ಒಳಗಿರಬೇಕು. ಫೋನಿನಲ್ಲಿ ತೆಗೆದದ್ದು ನೋಡಿದರೆ 4 ಎಂಬಿ. ಆಗ ಹೆಚ್ಚಿನವರು ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ ಉಚಿತ ತಾಣಕ್ಕೆ ತಮ್ಮ ಮುಖ, ಸಹಿ, ಕೆಲವೊಮ್ಮೆ ಆಧಾರ್ ಪ್ರತಿಯನ್ನೂ ಅಪ್‌ಲೋಡ್ ಮಾಡುತ್ತಾರೆ. ಆ ಸರ್ವರ್ ಎಲ್ಲಿದೆಯೋ, ಆಮೇಲೆ ಅದನ್ನು ಅಳಿಸುತ್ತಾರೋ ಇಲ್ಲವೋ, ಯಾರೂ ಕೇಳುವುದಿಲ್ಲ. ಸಹಿಯನ್ನು ಅಪರಿಚಿತರ ಕೈಗೆ ಕೊಡೋದು ಅಂದರೆ ಸುಮ್ನೆ ಮಾತಲ್ಲ ಅಲ್ವಾ?

ಇದೇ ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ, ಇಂಟರ್ನೆಟ್ ಇಲ್ಲದೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒಂದು ಸಾಲು ಟೈಪ್ ಮಾಡಿದರೆ ಮುಗಿಯುತ್ತದೆ. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ಇಮೇಜ್‌ಮ್ಯಾಜಿಕ್. ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಇದನ್ನು ಬರೆಯಲು ಶುರು ಮಾಡಿದರು. 1990ರಲ್ಲಿ ಇದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಇವತ್ತಿಗೂ ಎಷ್ಟೋ ವೆಬ್‌ಸೈಟ್‌ಗಳ ಹಿಂದೆ ಚಿತ್ರ ಚಿಕ್ಕದು ಮಾಡುವುದು ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಫೋಟೋದಲ್ಲಿ ಮೊಡವೆ ಅಳಿಸಬೇಕು, ಹಿಂದೆ ನಿಂತವರನ್ನು ತೆಗೆಯಬೇಕು ಅಂದರೆ ಟರ್ಮಿನಲ್ ಬೇಡ, ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂ ತೆರೆಯಿರಿ. ಅಳತೆ ಲೆಕ್ಕಾಚಾರದಂತೆ ಇರಬೇಕಾದಾಗ, ಅಥವಾ ಒಂದೇ ಕೆಲಸವನ್ನು ನೂರಾರು ಚಿತ್ರಕ್ಕೆ ಮಾಡಬೇಕಾದಾಗ ಟರ್ಮಿನಲ್‌ಗೆ ಸಮ ಬೇರೆ ಇಲ್ಲ.

ಓದುವ ಮುನ್ನ

ಕೆಳಗಿನ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಇರಲಿ. ಅಂಕಿ, ಅಡ್ಡಗೆರೆ, ಉದ್ಧರಣ ಚಿಹ್ನೆ, ಸ್ಪೇಸ್ ಎಲ್ಲ ಇದ್ದ ಹಾಗೇ. ಎರಡು ಅಂಕಿಗಳ ನಡುವೆ ‘ಎಕ್ಸ್’ ಬಂದರೆ ಅದು ಇಂಗ್ಲಿಷ್‌ನ ಒಂದೇ ಅಕ್ಷರ. ‘ಮ್ಯಾಜಿಕ್’ ಎಂಬ ಕಮಾಂಡ್‌ನ ಕೊನೆಯಲ್ಲಿ ಸಿ ಆದಮೇಲೆ ಕೆ ಕೂಡ ಇದೆ, ಬಿಡಬೇಡಿ. ಕಡತದ ಹೆಸರಿನ ಬಾಲ (ಜೆಪಿಜಿ, ಪಿಎನ್‌ಜಿ) ಇಂಗ್ಲಿಷ್‌ನಲ್ಲೇ ಇರಲಿ, ಚುಕ್ಕೆಗೆ ಮುಂಚಿನ ಹೆಸರು ಮಾತ್ರ ನಿಮ್ಮಿಷ್ಟ. ಅದು ಕನ್ನಡದಲ್ಲೇ ಇದ್ದರೂ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ತೊಂದರೆಯಿಲ್ಲ. ಹೆಸರಿನ ನಡುವೆ ಸ್ಪೇಸ್ ಬೇಡ, ಅಡ್ಡಗೆರೆ ಹಾಕಿ.

ಹಾಕಿಕೊಳ್ಳುವುದು

ಉಬುಂಟು ಅಥವಾ ಡೆಬಿಯನ್‌ನಲ್ಲಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಇಮೇಜ್‌ಮ್ಯಾಜಿಕ್

ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಪ್ರೋಗ್ರಾಂಗಳನ್ನು ಹಾಕಿಕೊಡುವ ಸಲಕರಣೆ) ಇದ್ದರೆ:

ಬ್ರೂ ಇನ್‌ಸ್ಟಾಲ್ ಇಮೇಜ್‌ಮ್ಯಾಜಿಕ್

ವಿಂಡೋಸ್‌ನವರು ಇಮೇಜ್‌ಮ್ಯಾಜಿಕ್‌ನ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಆಮೇಲೆ ಟರ್ಮಿನಲ್ ತೆರೆದು ಹೀಗೆ ಕೇಳಿ:

ಮ್ಯಾಜಿಕ್ -ವರ್ಷನ್

ಉತ್ತರ ಬಂದರೆ ನಿಮ್ಮಲ್ಲಿರುವುದು 7ನೇ ಆವೃತ್ತಿ. ‘ಅಂಥ ಕಮಾಂಡ್ ಇಲ್ಲ’ ಅಂದರೆ ಬಹುಶಃ 6ನೇ ಆವೃತ್ತಿ ಇದೆ. ಉಬುಂಟು 24.04ರಲ್ಲಿ ಬರುವುದು ಅದೇ. ಅಲ್ಲಿ ‘ಮ್ಯಾಜಿಕ್’ ಬದಲು ‘ಕನ್ವರ್ಟ್’ ಅಂತ ಟೈಪ್ ಮಾಡಿ. ಈ ಲೇಖನದ ಬಾಕಿಯೆಲ್ಲ ಹಾಗೇ ನಡೆಯುತ್ತದೆ. ‘ಮ್ಯಾಜಿಕ್ ಐಡೆಂಟಿಫೈ’, ‘ಮ್ಯಾಜಿಕ್ ಮೋಗ್ರಿಫೈ’, ‘ಮ್ಯಾಜಿಕ್ ಮಾಂಟಾಜ್’ ಅಂತ ಬಂದಲ್ಲಿ ಮೊದಲಿನ ‘ಮ್ಯಾಜಿಕ್’ ಪದ ಬಿಟ್ಟುಬಿಡಿ. ವಿಂಡೋಸ್‌ನಲ್ಲಿ ಮಾತ್ರ ‘ಕನ್ವರ್ಟ್’ ಬಳಸಲೇಬೇಡಿ. ಆ ಹೆಸರಿನ ಬೇರೊಂದು ಪ್ರೋಗ್ರಾಂ ವಿಂಡೋಸ್‌ನಲ್ಲೇ ಇದೆ, ಅದು ಹಾರ್ಡ್ ಡಿಸ್ಕಿನ ಕಡತ ವ್ಯವಸ್ಥೆಯನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸುವಂಥದ್ದು!

ಮೊದಲು ಚಿತ್ರದ ಜಾತಕ ನೋಡಿ

ಮ್ಯಾಜಿಕ್ ಐಡೆಂಟಿಫೈ ಫೋಟೋ.ಜೆಪಿಜಿ

ಬಗೆ, ಅಗಲ, ಎತ್ತರ, ಕಡತದ ಗಾತ್ರ ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ಹೆಸರಿನ ಬಾಲದಲ್ಲಿ ಜೆಪಿಜಿ ಅಂತಿದ್ದರೂ ಒಳಗೆ ಬೇರೆ ಬಗೆಯ ಚಿತ್ರ ಇರಬಹುದು. ಐಡೆಂಟಿಫೈ ನಿಜ ಹೇಳುತ್ತದೆ. ‘ಅಪ್‌ಲೋಡ್ ಆಗ್ತಿಲ್ಲ, ಕಡತ ಸರಿಯಿಲ್ಲ ಅಂತಿದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ: ಯಾರೋ ಬಾಲ ಮಾತ್ರ ಬದಲಿಸಿರುತ್ತಾರೆ.

ಬಗೆ ನಿಜವಾಗಿ ಬದಲಿಸುವುದು ತುಂಬಾ ಸುಲಭ. ಒಳಗೆ ಹೋಗುವ ಕಡತ ಮೊದಲು, ಹೊರಗೆ ಬರುವುದು ಕೊನೆಗೆ:

ಮ್ಯಾಜಿಕ್ ಚಿತ್ರ.ಪಿಎನ್‌ಜಿ ಚಿತ್ರ.ಜೆಪಿಜಿ

ಪಿಎನ್‌ಜಿಯಲ್ಲಿ ಹಿನ್ನೆಲೆ ಪಾರದರ್ಶಕ ಇದ್ದರೆ ಜೆಪಿಜಿಯಲ್ಲಿ ಅದು ಕಪ್ಪಾಗಿ ಬರಬಹುದು. ಜೆಪಿಜಿಗೆ ಪಾರದರ್ಶಕತೆ ಗೊತ್ತಿಲ್ಲ. ಬಿಳಿ ಬೇಕಾದರೆ ನಡುವೆ ‘-ಬ್ಯಾಕ್‌ಗ್ರೌಂಡ್ ವೈಟ್ -ಫ್ಲ್ಯಾಟನ್’ ಸೇರಿಸಿ.

ಯಾವ ಬಗೆ ಯಾವುದಕ್ಕೆ? ಫೋಟೋಗೆ ಜೆಪಿಜಿ, ಅಕ್ಷರ ಇರುವ ಸ್ಕ್ರೀನ್‌ಶಾಟ್‌ಗೆ ಪಿಎನ್‌ಜಿ, ವೆಬ್‌ಸೈಟ್‌ಗೆ ವೆಬ್‌ಪಿ. ಇಷ್ಟು ನೆನಪಿದ್ದರೆ ಸಾಕು.

ಐಫೋನ್‌ನವರಿಗೆ ಇನ್ನೊಂದು ಕಾಟ ಇದೆ. 2017ರ ಐಓಎಸ್ 11ರಿಂದ ಈಚೆ ಐಫೋನ್ ಫೋಟೋಗಳು ಎಚ್‌ಇಐಸಿ ಬಗೆಯಲ್ಲಿ ಉಳಿಯುತ್ತವೆ, ಅರ್ಜಿಯ ಪುಟಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಇಮೇಜ್‌ಮ್ಯಾಜಿಕ್ ಅದನ್ನೂ ಮೇಲಿನಂತೆಯೇ ಜೆಪಿಜಿ ಮಾಡುತ್ತದೆ. ಮ್ಯಾಕ್ ಇದ್ದರೆ ಏನೂ ಹಾಕಿಕೊಳ್ಳುವುದೇ ಬೇಡ. ‘ಸಿಪ್ಸ್’ ಎಂಬ ಕಮಾಂಡ್ ಅದರಲ್ಲೇ ಇದೆ, ಎಸ್ ಐ ಪಿ ಎಸ್ ಅಂತ ನಾಲ್ಕೇ ಅಕ್ಷರ:

ಸಿಪ್ಸ್ -ಎಸ್ ಫಾರ್ಮ್ಯಾಟ್ ಜೆಪಿಇಜಿ ಫೋಟೋ.ಎಚ್‌ಇಐಸಿ --ಔಟ್ ಫೋಟೋ.ಜೆಪಿಜಿ

ಇಲ್ಲಿ ಮೊದಲು ಬರುವ ಜೆಪಿಇಜಿ ನಾಲ್ಕು ಅಕ್ಷರ, ಕೊನೆಯ ಜೆಪಿಜಿ ಮೂರು. ‘--ಔಟ್’ ಬಿಟ್ಟರೆ ಸಿಪ್ಸ್ ಮೂಲ ಕಡತವನ್ನೇ ಬದಲಿಸಿಬಿಡುತ್ತದೆ.

ಅರ್ಜಿಯ ಫೋಟೋ

ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪ್ರಕಟಣೆಗಳಲ್ಲಿ ಫೋಟೋಗೆ ಹೇಳುವ ಅಳತೆ 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರ. ನಿಮ್ಮ ಅರ್ಜಿ ಬೇರೆಯದಾದರೆ ಅದರ ಪ್ರಕಟಣೆ ನೋಡಿ ಅಂಕಿ ಬದಲಿಸಿಕೊಳ್ಳಿ. ಉಳಿದದ್ದೆಲ್ಲ ಒಂದೇ.

ಫೋನಿನ ಫೋಟೋದಲ್ಲಿ ಗೋಡೆ, ಬಾಗಿಲು, ಕ್ಯಾಲೆಂಡರ್ ಎಲ್ಲ ಇರುತ್ತದೆ. ಮೊದಲು ಮುಖದ ಸುತ್ತ ಕತ್ತರಿಸಬೇಕು. ಅದಕ್ಕೂ ಮುಂಚೆ ಫೋಟೋವನ್ನು ನೆಟ್ಟಗೆ ಮಾಡಿಕೊಳ್ಳಿ. ಫೋನ್ ಅಡ್ಡ ಹಿಡಿದಿದ್ದೋ ಉದ್ದ ಹಿಡಿದಿದ್ದೋ ಎಂಬುದನ್ನು ಕ್ಯಾಮೆರಾ ಒಂದು ಗುಟ್ಟಿನ ಟಿಪ್ಪಣಿಯಾಗಿ ಕಡತದೊಳಗೆ ಬರೆದಿಡುತ್ತದೆ, ಪಿಕ್ಸೆಲ್‌ಗಳನ್ನು ತಿರುಗಿಸಿರುವುದಿಲ್ಲ. ‘ಆಟೋ-ಓರಿಯೆಂಟ್’ ಆ ಟಿಪ್ಪಣಿ ಓದಿ ಪಿಕ್ಸೆಲ್‌ಗಳನ್ನೇ ತಿರುಗಿಸುತ್ತದೆ:

ಮ್ಯಾಜಿಕ್ ಫೋಟೋ.ಜೆಪಿಜಿ -ಆಟೋ-ಓರಿಯೆಂಟ್ ನೆಟ್ಟಗೆ.ಪಿಎನ್‌ಜಿ

ನಡುವಿನ ಹಂತಕ್ಕೆ ಪಿಎನ್‌ಜಿ ಯಾಕೆ ಅಂದರೆ, ಜೆಪಿಜಿಯನ್ನು ತೆರೆದು ಉಳಿಸಿದಷ್ಟು ಸಲವೂ ಸ್ವಲ್ಪ ಗುಣಮಟ್ಟ ಹೋಗುತ್ತದೆ. ಕೊನೆಯಲ್ಲಿ ಒಂದೇ ಸಲ ಜೆಪಿಜಿ ಮಾಡಿದರೆ ಸಾಕು.

ಈಗ ಕತ್ತರಿಸುವುದು. ನಾಲ್ಕು ಅಂಕಿ ಬೇಕು: ಅಗಲ, ಎತ್ತರ, ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ. ಚಿತ್ರವನ್ನು ಪೇಂಟ್ ಅಥವಾ ಗಿಂಪ್‌ನಲ್ಲಿ ತೆರೆದು ಮೌಸ್ ಆಡಿಸಿದರೆ ಕೆಳಗಿನ ಪಟ್ಟಿಯಲ್ಲಿ ಪಿಕ್ಸೆಲ್ ಅಂಕಿ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. 200ಕ್ಕೆ 230ರ ಲೆಕ್ಕದಲ್ಲೇ 1800ಕ್ಕೆ 2070 ಅಂತ ತೆಗೆದುಕೊಂಡರೆ:

ಮ್ಯಾಜಿಕ್ ನೆಟ್ಟಗೆ.ಪಿಎನ್‌ಜಿ -ಕ್ರಾಪ್ 1800ಎಕ್ಸ್2070+600+300 +ರೀಪೇಜ್ ಮುಖ.ಪಿಎನ್‌ಜಿ

‘ರೀಪೇಜ್’ ಮುಂದಿರುವುದು ಕೂಡಿಸುವ ಚಿಹ್ನೆ, ಕಳೆಯುವುದಲ್ಲ. ಕತ್ತರಿಸಿದ ತುಂಡು ತಾನು ಹಳೆಯ ದೊಡ್ಡ ಹಾಳೆಯ ಯಾವ ಮೂಲೆಯಲ್ಲಿದ್ದೆ ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ. ಅದನ್ನು ಮರೆಸುವುದೇ ರೀಪೇಜ್. ಇದನ್ನು ಬಿಟ್ಟರೆ ಮುಂದಿನ ಹಂತಗಳಲ್ಲಿ ವಿಚಿತ್ರ ಖಾಲಿ ಜಾಗ ಬರಬಹುದು.

ಕೊನೆಯ ಹಂತ:

ಮ್ಯಾಜಿಕ್ ಮುಖ.ಪಿಎನ್‌ಜಿ -ಸ್ಟ್ರಿಪ್ -ರೀಸೈಜ್ "200ಎಕ್ಸ್230^" -ಗ್ರಾವಿಟಿ ಸೆಂಟರ್ -ಎಕ್ಸ್‌ಟೆಂಟ್ 200ಎಕ್ಸ್230 -ಡಿಫೈನ್ ಜೆಪಿಇಜಿ:ಎಕ್ಸ್‌ಟೆಂಟ್=45ಕೆಬಿ ಅರ್ಜಿ-ಫೋಟೋ.ಜೆಪಿಜಿ

ರೀಸೈಜ್ ಪಕ್ಕದ ಟೋಪಿ ಚಿಹ್ನೆ ‘ಚೌಕ ಪೂರ್ತಿ ತುಂಬಲಿ, ಹೆಚ್ಚಾದದ್ದು ಹೊರಗೆ ಚಾಚಲಿ’ ಅನ್ನುತ್ತದೆ. ‘ಎಕ್ಸ್‌ಟೆಂಟ್’ ಆ ಹೆಚ್ಚಾದದ್ದನ್ನು ಕತ್ತರಿಸುತ್ತದೆ. ಮುಖ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಸಲಿ ಮಜಾ ಇರುವುದು ‘ಡಿಫೈನ್’ ತುಣುಕಿನಲ್ಲಿ. 45 ಕೆಬಿ ಒಳಗೆ ಹಿಡಿಸುವ ಅತಿ ಹೆಚ್ಚಿನ ಗುಣಮಟ್ಟ ಯಾವುದೋ ಅದನ್ನು ಇಮೇಜ್‌ಮ್ಯಾಜಿಕ್ ತಾನೇ ಹುಡುಕಿಕೊಳ್ಳುತ್ತದೆ. 50 ಅಂತಲೇ ಕೊಡದೆ 45 ಕೊಟ್ಟದ್ದು ಬೇಕೆಂದೇ. ಕೆಬಿ ಅಂದರೆ ಕೆಲವರಿಗೆ 1000 ಬೈಟ್, ಕೆಲವರಿಗೆ 1024. ಆ ಜಗಳದಲ್ಲಿ ನಿಮ್ಮ ಅರ್ಜಿ ಸಿಕ್ಕಿಬೀಳುವುದು ಬೇಡ.

ಸಹಿ

ಸಹಿಯ ಕಷ್ಟ ಬೇರೆ. ಬಿಳಿ ಹಾಳೆ ಫೋಟೋದಲ್ಲಿ ಬೂದಿ ಬಣ್ಣಕ್ಕೆ ಬರುತ್ತದೆ, ಫೋನಿನ ನೆರಳೂ ಬೀಳುತ್ತದೆ. ನೆರಳನ್ನು ಕಮಾಂಡ್‌ನಿಂದ ತೆಗೆಯಲು ಹೆಣಗುವುದಕ್ಕಿಂತ, ಹಗಲಿನಲ್ಲಿ ಕಿಟಕಿ ಪಕ್ಕ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ಕಪ್ಪು ಇಂಕ್ ಇರಲಿ, ಪ್ರಕಟಣೆಯೂ ಅದನ್ನೇ ಕೇಳುತ್ತದೆ. ಇಡೀ ಹಾಳೆ ಬೇಡ, ಸಹಿಯ ಸುತ್ತಲಿನ ಹಾಳೆ ಮಾತ್ರ ಚೌಕಟ್ಟಿನಲ್ಲಿ ಬರಲಿ. ಮೇಜು ಕಂಡರೆ ಮುಂದಿನ ಟ್ರಿಮ್ ಕೆಲಸ ಕೆಡುತ್ತದೆ.

ಮ್ಯಾಜಿಕ್ ಸಹಿ.ಜೆಪಿಜಿ -ಆಟೋ-ಓರಿಯೆಂಟ್ -ಕಲರ್‌ಸ್ಪೇಸ್ ಗ್ರೇ -ಲೆವೆಲ್ 20%,65% -ಫಜ್ 15% -ಟ್ರಿಮ್ +ರೀಪೇಜ್ ಸಹಿ-ಸ್ವಚ್ಛ.ಪಿಎನ್‌ಜಿ

ಇಲ್ಲಿನ ಕಾಗುಣಿತ ಅಮೆರಿಕದ್ದು. ‘ಕಲರ್’ನಲ್ಲಿ ಯು ಇಲ್ಲ, ‘ಗ್ರೇ’ಯಲ್ಲಿ ನಡುವೆ ಬರುವುದು ಎ. ‘ಫಜ್’ಗೆ ಎರಡು ಝಡ್. ‘ಲೆವೆಲ್’ ಮಾಡುವ ಕೆಲಸ ಇಷ್ಟೇ: 20%ಗಿಂತ ಕಪ್ಪಾಗಿರುವುದೆಲ್ಲ ಅಚ್ಚ ಕಪ್ಪು, 65%ಗಿಂತ ಬೆಳ್ಳಗಿರುವುದೆಲ್ಲ ಅಚ್ಚ ಬಿಳಿ. ಹಾಳೆ ಇನ್ನೂ ಮಬ್ಬಾಗಿದ್ದರೆ 65ನ್ನು 55 ಮಾಡಿ. ಸಹಿಯ ತೆಳು ಗೆರೆ ಮಾಯವಾಗುತ್ತಿದ್ದರೆ 75ಕ್ಕೆ ಏರಿಸಿ. ‘ಟ್ರಿಮ್’ ಸುತ್ತಲಿನ ಖಾಲಿ ಬಿಳಿಯನ್ನು ಬೋಳಿಸುತ್ತದೆ.

ಮ್ಯಾಜಿಕ್ ಸಹಿ-ಸ್ವಚ್ಛ.ಪಿಎನ್‌ಜಿ -ರೀಸೈಜ್ 130ಎಕ್ಸ್50 -ಬ್ಯಾಕ್‌ಗ್ರೌಂಡ್ ವೈಟ್ -ಗ್ರಾವಿಟಿ ಸೆಂಟರ್ -ಎಕ್ಸ್‌ಟೆಂಟ್ 140ಎಕ್ಸ್60 -ಕ್ವಾಲಿಟಿ 100 ಅರ್ಜಿ-ಸಹಿ.ಜೆಪಿಜಿ

ಈ ಸಲ ಟೋಪಿ ಇಲ್ಲ, ಸಹಿ ಪೂರ್ತಿ ಒಳಗೇ ಕೂರಬೇಕು. ಸುತ್ತ ಕನಿಷ್ಠ ಐದೈದು ಪಿಕ್ಸೆಲ್ ಬಿಳಿ ಅಂಚು ಉಳಿಯುತ್ತದೆ.

ಎಲ್ಲರೂ ತಲೆ ಕೆರೆದುಕೊಳ್ಳುವ ಜಾಗ ಇದು: ಸಹಿ 10 ಕೆಬಿಗಿಂತ ಕಡಿಮೆ ಬಂದುಬಿಡುತ್ತದೆ! 140ಕ್ಕೆ 60ರ ಕಪ್ಪು ಬಿಳುಪು ಚಿತ್ರದಲ್ಲಿ ಇರುವುದೇ 8400 ಪಿಕ್ಸೆಲ್, ಅದರಲ್ಲೂ ಬಹುಪಾಲು ಬಿಳಿ. 10 ಕೆಬಿ ತುಂಬಲು ಅದರೊಳಗೆ ಮಾಹಿತಿಯೇ ಇಲ್ಲ. ಐಬಿಪಿಎಸ್ ಆ ಅಳತೆಯನ್ನು ‘ಇದ್ದರೆ ಒಳ್ಳೆಯದು’ ಎಂಬ ಧಾಟಿಯಲ್ಲಿ ಹೇಳುತ್ತದೆ. ಹಾಗಾಗಿ ಎರಡರಷ್ಟು ಮಾಡಿ. ರೀಸೈಜ್ 260ಎಕ್ಸ್100, ಎಕ್ಸ್‌ಟೆಂಟ್ 280ಎಕ್ಸ್120. ಅದೂ ಸಾಲದಿದ್ದರೆ ಮೂರರಷ್ಟು. ಮೀರಿದರೆ ‘-ಕ್ವಾಲಿಟಿ 100’ ಬದಲು ಫೋಟೋಗೆ ಬಳಸಿದ ಡಿಫೈನ್ ತುಣುಕನ್ನು 18ಕೆಬಿ ಅಂತ ಹಾಕಿ. ಅರ್ಜಿ ಕೇಳುವ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಬಗ್ಗೆಯೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಕಡತದ ಮೇಲಿನ ಬರೀ ಒಂದು ಚೀಟಿ, ಪಿಕ್ಸೆಲ್ ಬದಲಾಗುವುದಿಲ್ಲ. ‘-ಯೂನಿಟ್ಸ್ ಪಿಕ್ಸೆಲ್ಸ್‌ಪರ್‌ಇಂಚ್ -ಡೆನ್ಸಿಟಿ 200’ ಅಂತ ಸೇರಿಸಿದರೆ ಮುಗಿಯಿತು.

ಪಾಸ್‌ಪೋರ್ಟ್ ಗಾತ್ರದ ಎಂಟು ಪ್ರತಿ

35 ಮಿಮೀ ಅಗಲ, 45 ಮಿಮೀ ಎತ್ತರದ ಫೋಟೋ 300 ಡಿಪಿಐ ಲೆಕ್ಕದಲ್ಲಿ 413ಕ್ಕೆ 531 ಪಿಕ್ಸೆಲ್ ಆಗುತ್ತದೆ. ಆರು ಇಂಚು, ನಾಲ್ಕು ಇಂಚಿನ ಹಾಳೆ 1800ಕ್ಕೆ 1200. ಅದರಲ್ಲಿ ಎಂಟು ಹಿಡಿಯುತ್ತವೆ. ಮೇಲಿನ ವಿಧಾನದಲ್ಲೇ 413ಎಕ್ಸ್531ರ ‘ಪಿ.ಜೆಪಿಜಿ’ ಮಾಡಿಕೊಂಡು, ಕೆಬಿ ಮಿತಿ ಬಿಟ್ಟು, ಹೀಗೆ ಜೋಡಿಸಿ:

ಮ್ಯಾಜಿಕ್ ಮಾಂಟಾಜ್ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ ಪಿ.ಜೆಪಿಜಿ -ಟೈಲ್ 4ಎಕ್ಸ್2 -ಜಿಯಾಮೆಟ್ರಿ 413ಎಕ್ಸ್531+18+34 ಹಾಳೆ.ಪಿಎನ್‌ಜಿ

ಮ್ಯಾಜಿಕ್ ಹಾಳೆ.ಪಿಎನ್‌ಜಿ -ಗ್ರಾವಿಟಿ ಸೆಂಟರ್ -ಬ್ಯಾಕ್‌ಗ್ರೌಂಡ್ ವೈಟ್ -ಎಕ್ಸ್‌ಟೆಂಟ್ 1800ಎಕ್ಸ್1200 -ಯೂನಿಟ್ಸ್ ಪಿಕ್ಸೆಲ್ಸ್‌ಪರ್‌ಇಂಚ್ -ಡೆನ್ಸಿಟಿ 300 -ಕ್ವಾಲಿಟಿ 95 ಹಾಳೆ.ಜೆಪಿಜಿ

ಸ್ಟುಡಿಯೋದವರಿಗೆ ‘ಹಾಳೆಗೆ ಸರಿಹೊಂದಿಸಬೇಡಿ, ಇದ್ದ ಅಳತೆಗೇ ಪ್ರಿಂಟ್ ಹಾಕಿ’ ಅಂತ ಹೇಳುವುದು ಮರೆಯಬೇಡಿ. ಇಲ್ಲದಿದ್ದರೆ 35 ಮಿಮೀ 34 ಆಗಿ ಬರಬಹುದು.

ಮದುವೆ ಫೋಟೋಗಳ ರಾಶಿ

ನಾನೂರು ಫೋಟೋ ಇವೆ, ನೆಂಟರಿಗೆ ಕಳಿಸಬೇಕು. ಇಲ್ಲಿ ಬೇಕಾದ್ದು ‘ಮೋಗ್ರಿಫೈ’. ಕಾಗುಣಿತ ಎಂ, ಓ, ಜಿ, ಆರ್, ಐ, ಎಫ್, ವೈ. ಸ್ವಲ್ಪ ಹುಷಾರಾಗಿರಬೇಕಾದ ಕಮಾಂಡ್ ಇದು. ಬೇರೆ ಏನೂ ಹೇಳದಿದ್ದರೆ ಮೂಲ ಫೋಟೋಗಳ ಮೇಲೇ ಬರೆದುಬಿಡುತ್ತದೆ. ‘ನಿಜವಾಗ್ಲೂ ಮಾಡ್ಲಾ?’ ಅಂತ ಕೇಳುವ ಸ್ವಭಾವ ಅದಕ್ಕಿಲ್ಲ. ಅದಕ್ಕೇ ಬೇರೆ ಫೋಲ್ಡರ್ ಮಾಡಿ, ‘-ಪಾತ್’ ಕೊಡಿ:

ಎಂಕೆಡಿಐಆರ್ ಸಣ್ಣ

ಮ್ಯಾಜಿಕ್ ಮೋಗ್ರಿಫೈ -ಪಾತ್ ಸಣ್ಣ -ಆಟೋ-ಓರಿಯೆಂಟ್ -ರೀಸೈಜ್ "1600ಎಕ್ಸ್1600>" -ಕ್ವಾಲಿಟಿ 82 *.ಜೆಪಿಜಿ

1600ರ ಪಕ್ಕದ ಬಾಣ ‘ದೊಡ್ಡದಿದ್ದರೆ ಮಾತ್ರ ಕುಗ್ಗಿಸು, ಸಣ್ಣದನ್ನು ಎಳೆಯಬೇಡ’ ಅನ್ನುತ್ತದೆ. ಸುತ್ತಲಿನ ಉದ್ಧರಣ ಚಿಹ್ನೆ ಇರಲೇಬೇಕು. ಇಲ್ಲದಿದ್ದರೆ ಟರ್ಮಿನಲ್ ಅದನ್ನು ‘ಉತ್ತರವನ್ನು ಕಡತಕ್ಕೆ ತುಂಬು’ ಅಂತ ಅರ್ಥ ಮಾಡಿಕೊಂಡು ಎಡವಟ್ಟು ಮಾಡುತ್ತದೆ. ಲಿನಕ್ಸ್‌ನಲ್ಲಿ ಬಾಲ ದೊಡ್ಡ ಅಕ್ಷರದಲ್ಲಿದ್ದರೆ ನಕ್ಷತ್ರದ ಮುಂದಿನ ಬಾಲವೂ ದೊಡ್ಡ ಅಕ್ಷರದಲ್ಲೇ ಇರಬೇಕು. ಹಳೆಯ ಕ್ಯಾಮೆರಾಗಳು ದೊಡ್ಡ ಅಕ್ಷರ ಬಳಸುವುದು ಜಾಸ್ತಿ.

ಇಲ್ಲಿ ‘ಸ್ಟ್ರಿಪ್’ ಹಾಕಿಲ್ಲ, ಗಮನಿಸಿದಿರಾ? ಅದು ಕಡತದೊಳಗಿನ ಟಿಪ್ಪಣಿಗಳನ್ನೆಲ್ಲ ಗುಡಿಸಿಹಾಕುತ್ತದೆ. ಜಾಗದ ಗುರುತು ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಬಣ್ಣದ ಪ್ರೊಫೈಲ್ (ಬಣ್ಣಗಳನ್ನು ಹೇಗೆ ತೋರಿಸಬೇಕು ಎಂಬ ಟಿಪ್ಪಣಿ) ಕೂಡ ಹೋಗುತ್ತದೆ. ಈಗಿನ ಐಫೋನ್ ಫೋಟೋಗಳಲ್ಲಿ ಆ ಪ್ರೊಫೈಲ್ ಇಲ್ಲದಿದ್ದರೆ ರೇಷ್ಮೆ ಸೀರೆಯ ಕೆಂಪು ಮಂಕಾಗುತ್ತದೆ. ಅಳಿಸಿಹೋದ ದಿನಾಂಕಗಳೂ ವಾಪಸ್ ಬರುವುದಿಲ್ಲ. ಮನೆಯ ಜಿಪಿಎಸ್ ಗುರುತು ಮಾತ್ರ ಅಳಿಸಬೇಕಾದರೆ ಫಿಲ್ ಹಾರ್ವಿ ಬರೆದ ಎಕ್ಸಿಫ್‌ಟೂಲ್ ಸರಿಯಾದ ಸಲಕರಣೆ:

ಎಕ್ಸಿಫ್‌ಟೂಲ್ -ಜಿಪಿಎಸ್:ಆಲ್= ಸಣ್ಣ/*.ಜೆಪಿಜಿ

ಸಮ ಚಿಹ್ನೆಯ ಮುಂದೆ ಏನೂ ಇಲ್ಲ, ಅಂದರೆ ‘ಖಾಲಿ ಮಾಡು’. ಇದು ಮೂಲದ ಒಂದು ಪ್ರತಿಯನ್ನು ಪಕ್ಕದಲ್ಲೇ ಉಳಿಸುತ್ತದೆ. ಆ ಪ್ರತಿಯಲ್ಲಿ ಜಿಪಿಎಸ್ ಇನ್ನೂ ಇರುತ್ತದೆ, ಕಳಿಸುವಾಗ ಅದನ್ನು ಸೇರಿಸಬೇಡಿ.

ಫೋಟೋ ಮೇಲೆ ಕನ್ನಡ

ಇಂಗ್ಲಿಷ್‌ನ ಮಾರ್ಗದರ್ಶಿಗಳು ಸಾಮಾನ್ಯವಾಗಿ ನಮಗೆ ಹೇಳದ ಸಂಗತಿ ಇದು. ಇಮೇಜ್‌ಮ್ಯಾಜಿಕ್ ಸುಮ್ನೆ ಬಿಟ್ಟರೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತದೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಹೋಗಬೇಕು, ಗುಣಿತ ಮೇಲೆ ಅಂಟಬೇಕು. ಆ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಇಮೇಜ್‌ಮ್ಯಾಜಿಕ್ ಅದನ್ನು ರಾಕ್ಮ್ ಎಂಬ ಇನ್ನೊಂದರ ಮೂಲಕ ಕರೆಯುತ್ತದೆ. ‘ಮ್ಯಾಜಿಕ್ -ವರ್ಷನ್’ ಕೊಟ್ಟಾಗ ‘ಡೆಲಿಗೇಟ್ಸ್’ ಸಾಲಿನಲ್ಲಿ ಆರ್, ಎ, ಕ್ಯೂ, ಎಂ ಎಂಬ ನಾಲ್ಕು ಅಕ್ಷರ ಕಂಡರೆ ನೀವು ಗೆದ್ದಿರಿ.

ಫಾಂಟ್ ಬೇಕು. ನೋಟೋ ಸಾನ್ಸ್ ಕನ್ನಡ ಒಳ್ಳೆಯದು. ಉಬುಂಟು, ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಇವೆ. ನನಗೆ ಅಡಿಬರಹಕ್ಕೆ ನವಿಲು ಇಷ್ಟ. ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಮ್ಯಾಜಿಕ್ -ಲಿಸ್ಟ್ ಫಾಂಟ್’ ಕೊಟ್ಟು ಪಟ್ಟಿಯಲ್ಲಿ ನಿಮ್ಮ ಫಾಂಟಿನ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಫಾಂಟ್ ಕಡತದ ಪೂರ್ತಿ ದಾರಿ ಕೊಟ್ಟರೂ ನಡೆಯುತ್ತದೆ.

ಮ್ಯಾಜಿಕ್ ಕೋಟೆ.ಜೆಪಿಜಿ -ಫಾಂಟ್ ನೋಟೋ-ಸಾನ್ಸ್-ಕನ್ನಡ-ಬೋಲ್ಡ್ -ಪಾಯಿಂಟ್‌ಸೈಜ್ 64 -ಫಿಲ್ ವೈಟ್ -ಗ್ರಾವಿಟಿ ಸೌತ್‌ಈಸ್ಟ್ -ಅನೊಟೇಟ್ +40+40 "ಶ್ರೀರಂಗಪಟ್ಟಣ" ಕೋಟೆ-ಹೆಸರು.ಜೆಪಿಜಿ

ಪರೀಕ್ಷೆಗೆ ಈ ಊರಿನ ಹೆಸರೇ ಚೆನ್ನ. ‘ಶ್ರೀ’ ಮತ್ತು ‘ಟ್ಟ’ ಎರಡೂ ಸರಿಯಾಗಿ ಬಂದರೆ ಉಳಿದದ್ದೂ ಬರುತ್ತದೆ. ಒತ್ತು ಕೆಳಗಿಳಿಯದೆ ಅರ್ಧಾಕ್ಷರ ಪಕ್ಕಕ್ಕೆ ನಿಂತಿದ್ದರೆ ರಾಕ್ಮ್ ಇಲ್ಲ ಅಂತ ಅರ್ಥ. ಆಗ ಅಕ್ಷರ ಜೋಡಿಸುವ ಇನ್ನೊಂದು ಲೈಬ್ರರಿಯಾದ ಪ್ಯಾಂಗೋ ಮೂಲಕ ಹೋಗಿ. ಮೊದಲು ಬರಹವನ್ನು ಪಾರದರ್ಶಕ ಚಿತ್ರ ಮಾಡಿ, ಆಮೇಲೆ ಫೋಟೋ ಮೇಲೆ ಅಂಟಿಸಿ. ಇಲ್ಲಿ ‘ನನ್’ ಅಂದರೆ ಎನ್, ಓ, ಎನ್, ಇ:

ಮ್ಯಾಜಿಕ್ -ಬ್ಯಾಕ್‌ಗ್ರೌಂಡ್ ನನ್ -ಫಿಲ್ ವೈಟ್ -ಪಾಯಿಂಟ್‌ಸೈಜ್ 64 ಪ್ಯಾಂಗೋ:"ಶ್ರೀರಂಗಪಟ್ಟಣ" ಹೆಸರು.ಪಿಎನ್‌ಜಿ

ಮ್ಯಾಜಿಕ್ ಕೋಟೆ.ಜೆಪಿಜಿ ಹೆಸರು.ಪಿಎನ್‌ಜಿ -ಗ್ರಾವಿಟಿ ಸೌತ್‌ಈಸ್ಟ್ -ಜಿಯಾಮೆಟ್ರಿ +40+40 -ಕಾಂಪೊಸಿಟ್ ಕೋಟೆ-ಹೆಸರು.ಜೆಪಿಜಿ

ಈ ಊರು, ದೇಗುಲ, ಹಬ್ಬ ಏನೇ ಇರಲಿ, ಪ್ಯಾಂಗೋ ಒತ್ತಕ್ಷರ ತಪ್ಪಿಸುವುದಿಲ್ಲ.

ಪಿಡಿಎಫ್ ಜೊತೆ ವ್ಯವಹಾರ

ಅಂಕಪಟ್ಟಿಗಳ ಫೋಟೋ ಸೇರಿಸಿ ಒಂದು ಪಿಡಿಎಫ್ ಮಾಡಬೇಕು ಅಂದರೆ ಇಮೇಜ್‌ಮ್ಯಾಜಿಕ್ ಬಳಸಬೇಡಿ. ಅದು ಚಿತ್ರಗಳನ್ನು ಮತ್ತೆ ಒತ್ತಿ ಗುಣಮಟ್ಟ ತಗ್ಗಿಸಬಹುದು. ಉಬುಂಟುವಿನಲ್ಲಂತೂ ‘ಭದ್ರತಾ ನೀತಿ ಒಪ್ಪುವುದಿಲ್ಲ’ ಅಂತ ನಿಂತುಬಿಡಬಹುದು. ಪಿಡಿಎಫ್ ಓದಲು ಇಮೇಜ್‌ಮ್ಯಾಜಿಕ್ ಘೋಸ್ಟ್‌ಸ್ಕ್ರಿಪ್ಟ್ ಎಂಬ ಬೇರೊಂದು ಪ್ರೋಗ್ರಾಂನ ನೆರವು ಪಡೆಯುತ್ತದೆ. ಆ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ 2018ರಲ್ಲಿ ಭದ್ರತೆಯ ತೂತುಗಳು ಸಿಕ್ಕಿದ್ದರಿಂದ ಆ ಬಾಗಿಲು ಮುಚ್ಚಿದ್ದಾರೆ. ನೀತಿ ಕಡತ ತಿದ್ದಿ ಬಾಗಿಲು ತೆರೆಯುವ ಉಪಾಯ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಅಗತ್ಯವೇ ಇಲ್ಲ. ಈ ಕೆಲಸಕ್ಕೆಂದೇ ‘ಐಎಂಜಿ2ಪಿಡಿಎಫ್’ ಇದೆ. ಜೆಪಿಜಿಯನ್ನು ಒಂದು ಪಿಕ್ಸೆಲ್ ಕೂಡ ಮುಟ್ಟದೆ ಹಾಳೆಯೊಳಗೆ ಇಡುತ್ತದೆ:

ಐಎಂಜಿ2ಪಿಡಿಎಫ್ ಪುಟ-*.ಜೆಪಿಜಿ -ಓ ಅಂಕಪಟ್ಟಿ.ಪಿಡಿಎಫ್

ಹೆಸರುಗಳು ಪುಟ-1, ಪುಟ-2 ಅಂತಿದ್ದು ಹತ್ತು ದಾಟಿದರೆ ಪುಟ-10 ಬಂದು ಪುಟ-2ಕ್ಕಿಂತ ಮೊದಲು ಕೂರುತ್ತದೆ. ಮೊದಲೇ ಪುಟ-01, ಪುಟ-02 ಅಂತ ಇಡಿ.

ಉಲ್ಟಾ ಕೆಲಸಕ್ಕೆ, ಅಂದರೆ ಪಿಡಿಎಫ್‌ನ ಪುಟಗಳನ್ನು ಚಿತ್ರ ಮಾಡಲು, ಪಾಪ್ಲರ್ ಯುಟಿಲ್ಸ್ ಪ್ಯಾಕೇಜಿನ ‘ಪಿಡಿಎಫ್‌ಟುಪಿಪಿಎಂ’ ಹಾಕಿಕೊಳ್ಳಿ. ನಡುವಿನ ‘ಟು’ ಇಲ್ಲಿ ಅಂಕಿಯಲ್ಲ, ಟಿ ಓ ಅಕ್ಷರಗಳು:

ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ ಪುಸ್ತಕ.ಪಿಡಿಎಫ್ ಪುಟ

300 ಅಂತ ಕೊಟ್ಟದ್ದಕ್ಕೆ ಕಾರಣ ಇದೆ. ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಂದ ಅಕ್ಷರ ತೆಗೆಯುವ ಟೆಸೆರಾಕ್ಟ್ ಆ ಅಳತೆಯಲ್ಲಿ ಚೆನ್ನಾಗಿ ಓದುತ್ತದೆ. ಓರೆಯಾದ ಪುಟವನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಓದಿಸಿ:

ಮ್ಯಾಜಿಕ್ ಪುಟ-01.ಪಿಎನ್‌ಜಿ -ಕಲರ್‌ಸ್ಪೇಸ್ ಗ್ರೇ -ಡೆಸ್ಕ್ಯೂ 40% -ನಾರ್ಮಲೈಜ್ ನೇರ-01.ಪಿಎನ್‌ಜಿ

ಟೆಸೆರಾಕ್ಟ್ ನೇರ-01.ಪಿಎನ್‌ಜಿ ಪಠ್ಯ-01 -ಎಲ್ ಕೆಎಎನ್

ಕೊನೆಯ ಮೂರಕ್ಷರ ಕನ್ನಡದ ಸಂಕೇತ. ಉಬುಂಟುವಿನಲ್ಲಿ ಟೆಸೆರಾಕ್ಟ್ ಜೊತೆ ಅದರ ಕನ್ನಡ ಪ್ಯಾಕೇಜನ್ನೂ ಬೇರೆಯಾಗಿ ಹಾಕಿಕೊಳ್ಳಬೇಕು. ‘ಪಠ್ಯ-01’ ಹೆಸರಿನ ಟೆಕ್ಸ್ಟ್ ಕಡತ ಅದೇ ಫೋಲ್ಡರ್‌ನಲ್ಲಿ ಸಿಗುತ್ತದೆ. ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮಾತ್ರ ಮೂಲ ಪುಟ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ನೋಡಿ.